ಮೂರು ಪಟದ ಹಡಗು

"ನನ್ನ ದಿಂಬಿನ ಕವರು ಕತ್ತರಿಸಿ ನಮ್ಮಮ್ಮನ ಸವತಿಗೆ ಬಟ್ಟೆ ಹೊಲೀತಿದ್ದೀರಾ? ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?"

"ಕವರು ಅನ್ನಬೇಡ. ಅದೀಗ ಪಟ."

"ಏನು ಪಟ? ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಿದ್ದೆ. ಈಗ ನೋಡಿದ್ರೆ ಪಾತ್ರೆ ತುಂಬ ಚಹಾ ಕಾಯಿಸಿ ಅದರಲ್ಲಿ ಅದ್ದಿಕೊಂಡು ಕೂತಿದ್ದೀರಿ!"

"ಚಹಾದಲ್ಲಿ ಅದ್ದದಿದ್ರೆ ಕಂದು ಬಣ್ಣ ಬರಲ್ಲ. ಕಂದು ಬಣ್ಣ ಬರದಿದ್ರೆ ಅದು ಇತಿಹಾಸಕ್ಕೆ ಬಗೆದ ದ್ರೋಹ."

"ಹೌದೌದು, ಇತಿಹಾಸಕ್ಕೆ ದ್ರೋಹ ಆಗಬಾರದು. ಹೆಂಡತಿ ಬರೀ ದಿಂಬಿನ ಮೇಲೆ ತಲೆ ಇಟ್ಟು ಮಲಗಿದ್ರೆ ಆಯ್ತು. ಆ ಹಡಗು ನಮ್ಮಪ್ಪನ್ನ ನುಂಗ್ತು, ನನ್ನ ಊಟದ ಮೇಜು ನುಂಗ್ತು, ಈಗ ಹಾಸಿಗೆಗೂ ಬಂತು. ನಾಳೆ ನನ್ನನ್ನೇ ಕತ್ತರಿಸಿ ಅದಕ್ಕೆ ಲಂಗರು ಮಾಡಿಬಿಡಿ!"

ಹೀಗೆ ಕೂಗುತ್ತಿದ್ದವಳು ಹೆಂಡತಿ. ಕೈಯಲ್ಲಿ ತೊಟ್ಟಿಕ್ಕುವ ಬಟ್ಟೆ ಹಿಡಿದುಕೊಂಡು ಇತಿಹಾಸದ ಪರವಾಗಿ ವಾದಿಸುತ್ತಿದ್ದವನು ಅಳತೆರಾಯ. ಅದು ಅವನ ಹೆಸರಲ್ಲ, ಬೀದಿಯವರು ಇಟ್ಟದ್ದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಲೆನೋವು ಬರುವ ಕಸುಬಾದ್ದರಿಂದ ಅವನ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು ಇರುತ್ತಿತ್ತು. ಅಂಗಡಿಯಲ್ಲಿ ಇದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಅವನು ಬ್ರೆಡ್ಡಿನ ತುಂಡು ಅಳೆದ, ಬಾಡಿಗೆ ಮನೆಯ ಮೆಟ್ಟಿಲು ಅಳೆದ, ದರ್ಜಿ ಹೊಲಿದ ತೋಳಿಗೆ ಟೇಪು ಹಿಡಿದು ಅರ್ಧ ಇಂಚಿಗೆ ಅರ್ಧ ದಿನ ಜಗಳವಾಡಿದ. "ನಾಳೆ ಸತ್ತ ಮೇಲೂ ಹೊರುವವರ ಎತ್ತರ ಸಮ ಇಲ್ಲ ಅಂತ ಎದ್ದು ಕೂರ್ತಾನೆ ಇವನು" ಎಂದು ಬೀದಿಯ ಕೊನೆಯ ಬಡಗಿ ಹೇಳುತ್ತಿದ್ದ. ಇಷ್ಟೆಲ್ಲ ಅಳೆಯುವವನಿಗೆ ಬುದ್ಧಿಯೂ ಇರಬೇಕು ಎಂದು ನೀವು ಅಂದುಕೊಂಡರೆ ಅದು ನಿಮ್ಮ ತಪ್ಪು, ಅವನದಲ್ಲ.

ಗಲಾಟೆ ಕೇಳಿ ಮಹಡಿ ಮೇಲಿನ ಇತಿಹಾಸದ ಮೇಷ್ಟ್ರು ಇಳಿದು ಬಂದರು. ನಿವೃತ್ತರಾದ ಮೇಲೆ ಪಾಠ ಕೇಳುವವರಿಲ್ಲದೆ ಅವರ ಗಂಟಲು ತುರಿಸುತ್ತಿತ್ತು. ಜಗಳ ಬಿಡಿಸಲು ಬಂದವರು ಮೇಜಿನ ಮೇಲಿದ್ದ ಮೂರಡಿ ಉದ್ದದ ಹಡಗನ್ನು ನೋಡಿ ತಾವೇ ಜಗಳಕ್ಕೆ ನಿಂತುಬಿಟ್ಟರು.

"ಏನಯ್ಯಾ ಇದು? ಹೊಗೆ ಕೊಳವೆ ಇದೆ, ಜೊತೆಗೆ ಹಾಯಿ ಬಟ್ಟೆನೂ ಕಟ್ಟೋಕೆ ಹೊರಟಿದ್ದೀಯ?"

"ಹಾಯಿ ಅನ್ನಬೇಡಿ ಮೇಷ್ಟ್ರೆ. ಹಾಯಿ ಅನ್ನೋದು ದಡದ ಮೇಲಿರೋರ ಮಾತು. ಹಡಗಿನವರು ಪಟ ಅಂತಾರೆ."

"ಏನಾದ್ರೂ ಅನ್ನಲಿ. ಕಲ್ಲಿದ್ದಲು ಉರಿಸಿ ಉಗಿಯಲ್ಲಿ ಓಡೋ ಹಡಗಿಗೆ ಪಟ ಯಾಕೆ? ಬಸ್ಸಿನ ಮುಂದೆ ಎತ್ತು ಕಟ್ಟಿದ ಹಾಗಿದೆ! ತೆಗಿ ಅದನ್ನ."

"ತೆಗೆಯೋಕೆ ನೀವು ಆ ಹಡಗಿನಲ್ಲಿ ಇದ್ರಾ?"

"ಇತಿಹಾಸ ಗೊತ್ತಿರೋಕೆ ಒಳಗೇ ಇರಬೇಕಾ? ಹಾಗಾದ್ರೆ ರಾಜರ ಪಾಠ ಮಾಡಿದ ನಾನೇನು ಸಿಂಹಾಸನದ ಮೇಲೆ ಕೂತಿದ್ದೆನಾ?"

"ನಮ್ಮ ಮಾವ ಇದ್ರು. ಕಣ್ಣಾರೆ ಕಂಡವರು. ಮೂರು ಪಟ ಇತ್ತು ಅಂತ ಅವರ ಬಾಯಿಂದಲೇ ಕೇಳಿದ್ದೀನಿ."

ಮಾವ ಎಂಬ ಮಾತು ಬಂದದ್ದೇ ತಡ, ಹೆಂಡತಿಯ ಕೂಗು ನಿಂತಿತು. ಅವಳು ಚಹಾದ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದು ಬಿದ್ದದ್ದಲ್ಲ ಎಂದು ಇಬ್ಬರು ಗಂಡಸರಿಗೂ ಗೊತ್ತಾಯಿತು.

ಆ ಮನೆಯ ನಿಜವಾದ ಜಗಳ ದಿಂಬಿನದಲ್ಲ. ಹೆಂಡತಿ ತನ್ನ ಅಪ್ಪನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪ ಜೀವಮಾನವೆಲ್ಲ ಹಡಗಿನಲ್ಲಿ ಅಡುಗೆಯವನಾಗಿದ್ದ. ಅವಳು ಹುಟ್ಟಿದಾಗ ಹಡಗಿನಲ್ಲಿದ್ದ, ಅವಳು ಶಾಲೆಗೆ ಸೇರಿದಾಗ ಹಡಗಿನಲ್ಲಿದ್ದ. ತಾಯಿ ತೀರಿಕೊಂಡಾಗಲೂ ಯಾವುದೋ ನೀರಿನ ಮೇಲೆ ಯಾರಿಗೋ ಸಾರು ಕುದಿಸುತ್ತಿದ್ದ. ಕೊನೆಗೆ ಹಡಗನ್ನೇ ಒಡೆದು ಕಬ್ಬಿಣದ ಲೆಕ್ಕಕ್ಕೆ ಮಾರಿದ ಮೇಲೆ ದಡ ಸೇರಿ, ಬೇರೆ ಊರಿನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದ. ಕಿರಿಯವಳು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಹಡಗಿಗೆ ಅವಳಿಟ್ಟ ಹೆಸರು 'ಅಮ್ಮನ ಸವತಿ'.

ಅಳತೆರಾಯನಿಗೆ ಸ್ವಂತ ಅಪ್ಪ ಇರಲಿಲ್ಲ. ಅಪ್ಪನ ಜಾಗದಲ್ಲಿ ಉಳಿದಿದ್ದವರು ಮಾವ ಒಬ್ಬರೇ. ಅವರೂ ಹೀಗೆ ದೂರವಾದದ್ದು ಅವನಿಗೆ ಸಂಕಟ. ಹೆಂಡತಿಗೆ ಹೇಳಿ ನೋಡಿದ, ಬೈಸಿಕೊಂಡ. ಕೊನೆಗೆ ಅವನ ತಲೆಗೆ ಅವನದೇ ಆದ ಒಂದು ಉಪಾಯ ಹೊಳೆಯಿತು. ಹಡಗು ಎಷ್ಟು ದೊಡ್ಡದಿತ್ತು ಎಂದು ಅವಳಿಗೆ ಗೊತ್ತಿಲ್ಲ, ಅದಕ್ಕೇ ಕೋಪ. ಅಷ್ಟು ದೊಡ್ಡದನ್ನು ಬಿಟ್ಟು ಬರುವುದು ಹುಡುಗಾಟವಲ್ಲ ಎಂದು ಅಳತೆ ಸಮೇತ ತೋರಿಸಿಬಿಟ್ಟರೆ ಕೋಪ ಇಳಿಯುತ್ತದೆ. ದೊಡ್ಡದೆಂದು ತೋರಿಸುವುದಕ್ಕಾಗಿ ತಾನು ಅದನ್ನು ಎಂಟಡಿಗೆ ಒಂದಿಂಚಿನಂತೆ ಚಿಕ್ಕದು ಮಾಡಲು ಹೊರಟಿದ್ದೇನೆ ಎನ್ನುವುದು ಮಹಾಶಯನಿಗೆ ಹೊಳೆಯಲಿಲ್ಲ.

ಆಧಾರಕ್ಕೆ ಇದ್ದದ್ದು ಒಂದೇ ಒಂದು ಚಿತ್ರ. ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಕ್ಯಾಲೆಂಡರಿನ ಹಾಳೆ. ಹೆಂಡತಿ ಅದನ್ನು ಎಸೆದಿರಲಿಲ್ಲ, ಗೋಡೆಗೂ ಹಾಕಿರಲಿಲ್ಲ. ಬೀರುವಿನ ಖಾನೆಗೆ ಬೋರಲಾಗಿ ಹಾಸಿದ್ದಳು. ಹಡಗಿನ ಹೆಸರು ಬರೆದ ಜಾಗಕ್ಕೆ ಸರಿಯಾಗಿ ಒಂದು ದೋಣಿ ಅಡ್ಡ ನಿಂತಿತ್ತು. ಕೆಳಗಿನ ಭಾಗವೆಲ್ಲ ಚೆನ್ನಾಗಿತ್ತು. ಆದರೆ ಖಾನೆಯ ಅಳತೆಗೆ ಮಡಿಸುವಾಗ ಮೇಲಿನ ತುದಿ ಹರಿದುಹೋಗಿತ್ತು. ಹೊಗೆ ಕೊಳವೆಯ ಅರ್ಧದಿಂದಾಚೆಗೆ ಹಡಗಿಗೆ ಏನಿತ್ತೋ ದೇವರೇ ಬಲ್ಲ.

ದಿಂಬಿನ ಜಗಳಕ್ಕೆ ಕೆಲವು ದಿನ ಮೊದಲು ಗ್ರಂಥಾಲಯದ ಅಧಿಕಾರಿ ಅಂಗಡಿಗೆ ಕನ್ನಡಕ ರಿಪೇರಿಗೆ ಬಂದರು. ಅವರ ಕಷ್ಟ ಬೇರೆ. ಗ್ರಂಥಾಲಯಕ್ಕೆ ಒಂದು ಭಾರಿ ಗಾಜಿನ ಪೆಟ್ಟಿಗೆ ಮಂಜೂರಾಗಿ ಬಂದು ಕೂತಿತ್ತು. ಪೆಟ್ಟಿಗೆಯೊಳಗೆ ಇಡಲು ಏನೂ ಮಂಜೂರಾಗಿರಲಿಲ್ಲ. ಅಳತೆರಾಯ ಕೆಲಸದ ನಡುವೆ ಹಳೆಯ ಕನ್ನಡಕದ ತಂತಿ ಬಗ್ಗಿಸಿ ಹಡಗಿನ ಕಟಕಟೆ ಮಾಡುತ್ತಿದ್ದುದನ್ನು ನೋಡಿ ಅಧಿಕಾರಿಯ ಕಣ್ಣು ಹೊಳೆಯಿತು.

"ಹಡಗಾ? ನಿಜವಾದ ಹಡಗಿನ ಮಾದರಿಯಾ?"

"ನಮ್ಮ ಮಾವ ಇದ್ದ ಹಡಗು ಸಾರ್."

"ಓಹೋ! ಅವರು ಹಡಗಿನಲ್ಲಿ ಏನಾಗಿದ್ರು?"

ಅಡುಗೆಯವರು ಅನ್ನಬಹುದಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಂಗಡಿ ತುಂಬ ಗಿರಾಕಿಗಳಿದ್ದರು. "ಅವರಿಲ್ಲದೆ ಆ ಹಡಗು ಒಂದು ದಿನ ನಡೀತಿರಲಿಲ್ಲ ಸಾರ್" ಅಂದ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಊಟವಿಲ್ಲದೆ ಯಾವ ಹಡಗು ನಡೆದೀತು?

"ಕಪ್ತಾನರು!" ಎಂದು ಅಧಿಕಾರಿ ಕೈಮುಗಿದರು. "ಅವರನ್ನೇ ಕರೆಸೋಣ. ಅವರ ಕೈಯಲ್ಲೇ ಉದ್ಘಾಟನೆ. ಆದರೆ ಒಂದು ಮಾತು, ಮಾದರಿಯಲ್ಲಿ ತಪ್ಪಿರಬಾರದು. 'ಎಲ್ಲ ವಿವರಗಳೂ ನಿಜ' ಅಂತ ಫಲಕ ಬರೆಸ್ತೀನಿ."

ಎಲ್ಲ ವಿವರಗಳೂ ನಿಜ! ಆ ಮಾತು ಅಳತೆರಾಯನ ತಲೆಗೆ ನೇರವಾಗಿ ಏರಿತು. ಅಂದೇ ಅಂಗಡಿಯ ಫೋನಿನಿಂದ ಮಾವನಿಗೆ ಫೋನು ಮಾಡಿದ. ಮನೆಯಿಂದ ಮಾಡುವ ಧೈರ್ಯವಿರಲಿಲ್ಲ. ಅದಕ್ಕೆ ಮೊದಲು ಯಾವುದೋ ಹಳೆಯ ಪುಸ್ತಕ ತಿರುವಿ, ನಾವಿಕರು ಹಾಯಿಗೆ ಪಟ ಅನ್ನುತ್ತಾರೆ ಎಂದು ಬಾಯಿಪಾಠ ಮಾಡಿಕೊಂಡಿದ್ದ. ಹಡಗಿನ ಮನುಷ್ಯನ ಹತ್ತಿರ ಹಡಗಿನ ಭಾಷೆಯಲ್ಲೇ ಮಾತಾಡಬೇಕಲ್ಲ! ಸುಮ್ಮನೆ ಹಾಯಿ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಮಾವ, ನಿಮ್ಮ ಹಡಗಿನಲ್ಲಿ ಪಟ ಇತ್ತಾ?"

"ನಿನಗ್ಯಾರಪ್ಪ ಹೇಳಿದ್ರು? ಇತ್ತು. ಮೂರಿತ್ತು."

"ಮೂರೂ ಒಂದೇ ಅಳತೆನಾ?"

"ಇಲ್ಲ, ಮಧ್ಯದ್ದು ದೊಡ್ಡದು. ಆಚೆ ಈಚೆ ಚಿಕ್ಕವು."

"ಬಣ್ಣ?"

"ಬಣ್ಣ ಎಲ್ಲಿ ಉಳೀತು? ಹೊಗೆ ಹಿಡಿದು ಹಿಡಿದು ಕಂದಾಗಿಹೋಗಿತ್ತು."

"ಗಾಳಿ ಬಂದಾಗ?"

"ಗಾಳಿ ಜೋರಾದ್ರೆ ಪಟಪಟ ಬಡ್ಕೊಳ್ತಿದ್ವು. ಹರಿದುಹೋಗುತ್ತೆ ಅಂತ ನನ್ನ ಜೀವ ಬಾಯಿಗೆ ಬರ್ತಿತ್ತು. ಬಂದರಿಗೆ ಬಂದಾಗೆಲ್ಲ ಬಿಚ್ಚಿ, ಒರೆಸಿ, ಮತ್ತೆ ಹಾಕ್ತಿದ್ದೆ."

"ನೀವೊಬ್ಬರೇ?"

"ನಾನಲ್ಲದೆ ಇನ್ಯಾರು ಮುಟ್ಟಬೇಕು ಅದನ್ನ? ಒಂದು ಚಿಕ್ಕದಕ್ಕೆ ಹೊಗೆ ಜಾಸ್ತಿ ತಾಗ್ತಿತ್ತು. ಆಮೇಲೆ ಅದೊಂದನ್ನ ಅಲ್ಲಿಂದ ತೆಗೆದು ಪಕ್ಕಕ್ಕೆ ಸರಿಸಿದೆ, ಗಾಳಿ ಬೆಳಕು ಆಡಲಿ ಅಂತ." ಮುದುಕನ ದನಿ ಯಾಕೋ ಸಣ್ಣಗಾಯಿತು. "ಅದನ್ನೆಲ್ಲ ಯಾಕೆ ಕೇಳ್ತೀಯಪ್ಪ? ಅವಳು ಕೇಳು ಅಂದ್ಲಾ?"

"ಇಲ್ಲ ಮಾವ, ನಾನೇ."

"ಓ" ಅಂದು ಮಾವ ಫೋನು ಇಟ್ಟರು.

ಅಡುಗೆ ಮಾಡಿಕೊಂಡು, ಪಾತ್ರೆ ತೊಳೆದುಕೊಂಡು, ನಡುವೆ ಒಬ್ಬರೇ ಮೂರು ಪಟ ಬಿಚ್ಚಿ ಒರೆಸಿ ಕಟ್ಟುತ್ತಿದ್ದ ಮಾವನ ಮೇಲೆ ಅಳತೆರಾಯನಿಗೆ ಎಲ್ಲಿಲ್ಲದ ಗೌರವ ಹುಟ್ಟಿತು. ಚಿಕ್ಕ ಪಟವೊಂದನ್ನು ಹೊಗೆ ಕೊಳವೆಯಿಂದ ದೂರ ಮಾಡಿ, ಹಡಗಿನ ಒಂದು ಪಕ್ಕಕ್ಕೆ ಓರೆಯಾಗಿ ಕೂರಿಸಿದ. ಜಗತ್ತಿನ ಯಾವ ಹಡಗಿನಲ್ಲೂ ಪಟ ಹಾಗಿರುವುದಿಲ್ಲ. ಒಂದು ಕಿವಿಗೆ ಮಾತ್ರ ಓಲೆ ಹಾಕಿಕೊಂಡವರಂತೆ ಕಾಣುತ್ತಿತ್ತು. ಆದರೆ ಕಣ್ಣಾರೆ ಕಂಡವರು ಹೇಳಿದ ಮೇಲೆ ಮಾತು ಮುಗಿಯಿತು.

ದಿಂಬಿನ ಜಗಳ ಹೊರಬಿದ್ದ ಮೇಲೆ ಬೀದಿ ಎರಡು ಪಕ್ಷವಾಯಿತು. ಬಡಗಿ ಪಟದ ಪಕ್ಷ. ಪಟ ಕಟ್ಟುವ ಕಂಬಕ್ಕೆ ಮರ ಕೊಟ್ಟವನು ಅವನೇ. ದರ್ಜಿ ಕೊಳವೆಯ ಪಕ್ಷ. ಹಳೆಯ ಅರ್ಧ ಇಂಚಿನ ಸೇಡು ಅವನಿಗೆ. ಸಮುದ್ರವನ್ನು ಜನ್ಮದಲ್ಲಿ ನೋಡದವರೆಲ್ಲ ಗಾಳಿಯ ದಿಕ್ಕಿನ ಬಗ್ಗೆ ಕೈ ಬೀಸಿ ಮಾತಾಡತೊಡಗಿದರು. ಹಾಲು ತರಲು ಹೋದವರು ಹಾಲು ಮರೆತು ಬಂದರು.

ಮೇಷ್ಟ್ರು ಮಹಡಿಯ ಮೇಲೆ ಕದ ಹಾಕಿಕೊಂಡು ಪುಸ್ತಕ ಓದಿದರು. ಅಳತೆರಾಯನಿಗೆ ಮಣ್ಣು ಮುಕ್ಕಿಸಲೇಬೇಕು ಎಂದು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬದಲಾಯಿತು. ಉಗಿ ಯಂತ್ರ ಬಂದ ಹೊಸತರಲ್ಲಿ ಅದನ್ನು ನಂಬದೆ ಹಾಯಿಯನ್ನೂ ಇಟ್ಟುಕೊಂಡ ಹಡಗುಗಳು ನಿಜವಾಗಿಯೂ ಇದ್ದವಂತೆ! ಅದೆಲ್ಲ ಮಾವ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತು. ಆದರೆ ಗಂಟಲು ತುರಿಸುವ ಮನುಷ್ಯನಿಗೆ ಅಂಥ ಸಣ್ಣ ಅಡ್ಡಿ ಲೆಕ್ಕಕ್ಕಿಲ್ಲ. ಮೆಟ್ಟಿಲು ಇಳಿದು ಓಡಿಬಂದು ಅಳತೆರಾಯನನ್ನು ತಬ್ಬಿಕೊಂಡರು.

"ಕ್ಷಮಿಸಿಬಿಡಯ್ಯಾ! ನಿನ್ನದು ಸಂಧಿಕಾಲದ ಹಡಗು. ಹಳೆಯದನ್ನು ಬಿಡಲಾರದೆ, ಹೊಸದನ್ನು ನಂಬಲಾರದೆ ನಿಂತಿದ್ದ ಹಡಗು. ಅದರಲ್ಲೂ ಆ ಪಕ್ಕದ ಪಟ ಇದೆಯಲ್ಲ, ಅದು ಯಾವ ಪುಸ್ತಕದಲ್ಲೂ ಇಲ್ಲ. ಅಂದ್ರೇನು ಅರ್ಥ?"

"ಅದು ತಪ್ಪು ಅಂತಾನಾ?"

"ಅಲ್ಲ ಕಣಯ್ಯಾ, ಪುಸ್ತಕಗಳು ತಪ್ಪು ಅಂತ! ಇದರ ಮೇಲೆ ನಾನೇ ಭಾಷಣ ಮಾಡ್ತೀನಿ."

ಹೀಗೆ ಒಂದು ತಪ್ಪು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ಇತಿಹಾಸವಾಯಿತು.

ಉದ್ಘಾಟನೆಯ ಹಿಂದಿನ ದಿನ ಹೆಂಡತಿ ಇನ್ನೊಂದು ದಿಂಬಿನ ಕವರೂ ಕಾಣೆಯಾದದ್ದನ್ನು ಕಂಡಳು. ಚಿಕ್ಕ ಪಟಗಳಿಗೆ ಬಟ್ಟೆ ಸಾಲದೆ ಅದೂ ಹೋಗಿತ್ತು.

"ನಾಳೆ ನೀನೂ ಬರಬೇಕು. ಮಾವ ಬರ್ತಾರೆ" ಎಂದು ಅಳತೆರಾಯ ಗೋಡೆಯ ಕಡೆ ನೋಡಿಕೊಂಡು ಹೇಳಿದ.

"ಯಾಕೆ? ಅಪ್ಪ ಅವಳ ಜೊತೆ ಸಂಸಾರ ಮಾಡಿದ ವೈಭವ ನೋಡೋಕಾ?"

"ದೊಡ್ಡ ಹಡಗು ಕಣೇ. ನೀನು ಒಂದ್ಸಲ ನೋಡು. ಇನ್ನೂರೆಂಬತ್ತು ಅಡಿಗೂ ಜಾಸ್ತಿ. ಅಷ್ಟು ದೊಡ್ಡದನ್ನ..."

"ನಮ್ಮಮ್ಮ ಐದಡಿ ಇದ್ಲು. ಅವಳನ್ನ ಯಾರೂ ಅಳೀಲಿಲ್ಲ."

ಅಳತೆರಾಯನ ಕೈ ತಾನಾಗಿ ಜೇಬಿನ ಟೇಪಿಗೆ ಹೋಗಿ ಹಾಗೇ ವಾಪಸು ಬಂತು.

ಮರುದಿನ ಗ್ರಂಥಾಲಯದ ಹಾಲಿನಲ್ಲಿ ಕುರ್ಚಿಗಳು ತುಂಬಿದವು. ಗಾಜಿನ ಪೆಟ್ಟಿಗೆಯೊಳಗೆ ಕಂದು ಪಟಗಳನ್ನು ಉಬ್ಬಿಸಿಕೊಂಡು ಹಡಗು ನಿಂತಿತ್ತು. ಮುಂದೆ ಫಲಕ: ಮೂರು ಪಟದ ಉಗಿ ಹಡಗು. ಎಲ್ಲ ವಿವರಗಳೂ ನಿಜ. ಪೆಟ್ಟಿಗೆಯ ಮೇಲೊಂದು ಪರದೆ. ಮಾವ ಬಸ್ಸಿಳಿದು ನೇರವಾಗಿ ಬಂದಿದ್ದರು. ಬಿಳಿ ಅಂಗಿ, ಬೋಳು ತಲೆ, ಬಿಸಿ ತಾಗಿ ತಾಗಿ ರೋಮವೇ ಉಳಿಯದ ಕೈಗಳು. ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದರೆ ತುದಿಯಲ್ಲಿ ಕೂತು, ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಮಗಳು ನಿಂತಿದ್ದಳು. ಒಳಗೂ ಬಂದಿರಲಿಲ್ಲ, ಹೊರಗೂ ಉಳಿದಿರಲಿಲ್ಲ. ಕವರು ಏನಾಗಿದೆ ನೋಡಿ ಹೋಗಲು ಬಂದೆ ಎಂದು ಪಕ್ಕದಲ್ಲಿದ್ದ ಬಡಗಿಗೆ ಅವನು ಕೇಳದೆಯೇ ಹೇಳಿದ್ದಳು.

ಅಧಿಕಾರಿ ಮೈಕು ಹಿಡಿದರು. "ಬಿರುಗಾಳಿಗೆ ಎದೆಯೊಡ್ಡಿ ಹಡಗನ್ನು ನಡೆಸಿದ ಕಪ್ತಾನರು ಇವತ್ತು ನಮ್ಮ ನಡುವೆ..."

"ಯಾರು?" ಎಂದು ಮಾವ ಪಕ್ಕಕ್ಕೆ ತಿರುಗಿ ನೋಡಿದರು.

"ನೀವೇ ಸಾರ್!"

"ನಾನು ಅಡುಗೆಯವನಪ್ಪ. ಬಿರುಗಾಳಿ ಬಂದ್ರೆ ನಾನು ಪಾತ್ರೆ ಹಿಡ್ಕೊಂಡು ಕೂತಿರ್ತಿದ್ದೆ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ಅಳತೆರಾಯನನ್ನು ನೋಡಿದರು. ಅಳತೆರಾಯ ಹಡಗನ್ನು ನೋಡಿದ. ಸಭೆ ಕೈತಪ್ಪುವ ಮೊದಲೇ ಮೇಷ್ಟ್ರು ಎದ್ದು ಮೈಕು ಕಿತ್ತುಕೊಂಡು ಸಂಧಿಕಾಲವನ್ನು ವಿವರಿಸತೊಡಗಿದರು. ಹಳತು ಹೊಸತರ ತಿಕ್ಕಾಟ, ಉಗಿಯ ಅಹಂಕಾರ, ಗಾಳಿಯ ವಿನಯ, ಕೊನೆಗೆ ವಿಶ್ವವೇ ಅರಿಯದ ಪಕ್ಕದ ಪಟ. ಹೇಳುತ್ತಾ ಅವರಿಗೇ ಕಣ್ಣೀರು ಬಂತು. ಆ ಆವೇಶದಲ್ಲಿ, ಉದ್ಘಾಟಕರಿಗೆ ಬಿಡದೆ, ಪರದೆಯನ್ನು ತಾವೇ ಎಳೆದುಬಿಟ್ಟರು.

ಮಾವ ಎದ್ದು ಹತ್ತಿರ ಬಂದು, ಗಾಜಿಗೆ ಮೂಗು ತಾಗಿಸಿ ನೋಡಿದರು. ಮೊದಲು ಮುಖ ಅರಳಿತು. "ಅರೆರೆ! ನಮ್ಮ ಹಡಗೇ! ಏಣಿ ನೋಡು, ಅದೇ ಜಾಗ. ಅಡುಗೆಮನೆ ಕಿಟಕಿ, ಅದೇ!" ಆಮೇಲೆ ತಲೆ ಎತ್ತಿ ಮೇಲೆ ನೋಡಿದರು. "ಇದೇನಿದು, ಒಗೆದ ಬಟ್ಟೆ ಯಾಕೆ ಒಣಗಹಾಕಿದ್ದೀರಿ?"

"ಪಟ ಮಾವ" ಅಂದ ಅಳತೆರಾಯ. "ಮೂರು ಪಟ."

"ಯಾವ ಪಟ?"

"ನೀವೇ ಫೋನಿನಲ್ಲಿ ಹೇಳಿದ್ರಲ್ಲ. ಮಧ್ಯದ್ದು ದೊಡ್ಡದು, ಆಚೆ ಈಚೆ ಚಿಕ್ಕವು. ಹೊಗೆ ಹಿಡಿದು ಕಂದಾಗಿತ್ತು ಅಂತ."

ಮುದುಕ ಅಳಿಯನ ಮುಖವನ್ನೇ ನೋಡಿದರು. ಆಮೇಲೆ ಹಡಗನ್ನು ನೋಡಿದರು. "ಅಯ್ಯೋ ನಿನ್ನ! ಅದು ಹಾಯಿ ಅಲ್ಲಪ್ಪ. ನಮ್ಮ ಹಡಗಿಗೆ ಹಾಯಿ ಎಲ್ಲಿತ್ತು? ನಾನು ಹೇಳಿದ್ದು ಪಟ. ಗೋಡೆಗೆ ಹಾಕೋ ಪಟ. ಅಡುಗೆಮನೆ ಗೋಡೆಗೆ ನಾನು ಮೊಳೆ ಹೊಡೆದಿದ್ದ ಪಟ!"

ಆಗ ದರ್ಜಿ ನಕ್ಕ ನೋಡಿ, ಎಷ್ಟೋ ದಿನದಿಂದ ಕೂಡಿಟ್ಟ ನಗು, ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಇಡೀ ಸಭೆ ಅವನ ಹಿಂದೆ ಹೋಯಿತು. ಮೇಷ್ಟ್ರ ಕೈಯಲ್ಲಿ ಮೈಕು ಕುಂಯ್ ಎಂದಿತು. ಅಳತೆರಾಯ ಪೆಟ್ಟಿಗೆಯ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದ, ಪಟವಿಲ್ಲದ ಕಂಬ.

ಆ ನಗುವಿನ ನಡುವೆ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಯಾರ ಪಟ?"

ನಗು ಅಲ್ಲಲ್ಲೇ ನಿಂತಿತು. ಹೆಂಡತಿ ಕುರ್ಚಿಗಳ ನಡುವೆ ಬಂದು ನಿಂತಿದ್ದಳು. ಅಪ್ಪನ ಜೊತೆ ಎಷ್ಟೋ ವರ್ಷಕ್ಕೆ ಆಡಿದ ಮೊದಲ ಮಾತು ಅದು.

"ಯಾರದು ಅಂದ್ರೆ?" ಅಂದರು ಮುದುಕ. "ಮಧ್ಯದಲ್ಲಿ ನಿಮ್ಮಮ್ಮ. ಆಚೆ ನಿಮ್ಮಕ್ಕ. ಈಚೆ ನೀನು."

"ನನ್ನ ಪಟ ಎಲ್ಲಿಂದ ಬಂತು? ನಾನು ಹುಟ್ಟಿದಾಗ ನೀವು ಮನೆಯಲ್ಲೇ ಇರಲಿಲ್ಲ."

"ನಿಮ್ಮಮ್ಮ ಕಳಿಸಿದ್ಲು. ಪಟದಲ್ಲಿ ನೀನು ಬಾಯಿ ತೆಗೆದು ಅಳ್ತಾ ಇದ್ದೆ. ಮೊದಲು ಒಲೆ ಪಕ್ಕ ಹಾಕಿದ್ದೆ. ಹೊಗೆಗೆ ಕಣ್ಣು ಉರಿದು ಅಳ್ತಾ ಇದೆಯೇನೋ ಮಗು ಅನ್ನಿಸೋದು. ಅದಕ್ಕೇ ತೆಗೆದು ಕಿಟಕಿ ಪಕ್ಕಕ್ಕೆ ಹಾಕಿದೆ."

ಅಳತೆರಾಯ ಹಡಗಿನ ಪಕ್ಕಕ್ಕೆ ಓರೆಯಾಗಿ ತಾನು ಕೂರಿಸಿದ್ದ ಚಿಕ್ಕ ಪಟವನ್ನು ನೋಡಿದ.

"ಕಿಟಕಿ ಪಕ್ಕಕ್ಕೆ ಹಾಕಿದ್ರಂತೆ!" ಹೆಂಡತಿಯ ದನಿ ಏರಿತು. "ಪಟಕ್ಕೆ ಹೊಗೆ ತಾಗುತ್ತೆ ಅಂತ ಗೊತ್ತಾಯ್ತು ನಿಮಗೆ. ಇಲ್ಲಿ ನಿಜವಾದ ಮಗು ಅಳ್ತಿತ್ತಲ್ಲ, ಅದು ಗೊತ್ತಾಗಲಿಲ್ವಾ? ಪಟ ಅಲ್ಲಿಂದ ಇಲ್ಲಿಗೆ ಸರಿಸೋ ಬದಲು ಮನೆಗೆ ಬರಬಹುದಾಗಿತ್ತಲ್ಲ!"

"ಬರಬಹುದಾಗಿತ್ತು" ಅಂದರು ಮುದುಕ.

ಅವರು ಬೇರೇನೂ ಹೇಳಲಿಲ್ಲ. ಕೆಲಸ ಬಿಡುವಂತಿರಲಿಲ್ಲ, ಸಮುದ್ರ ದೊಡ್ಡದು, ನಿನಗೆ ಅರ್ಥವಾಗುವುದಿಲ್ಲ, ಯಾವುದೂ ಇಲ್ಲ. ಹೆಂಡತಿ ಇನ್ನಷ್ಟು ಬೈಯಲು ಉಸಿರು ಎಳೆದುಕೊಂಡಿದ್ದಳು. ಆ ಉಸಿರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸುಮ್ಮನೆ ಹೊರಗೆ ಬಂತು. ಅವಳು ಎದುರಿಗಿದ್ದ ಕುರ್ಚಿಯಲ್ಲಿ ಕೂತಳು. ಮುದುಕರು ಪಕ್ಕದ ಕುರ್ಚಿಯಲ್ಲಿ ಕೂರಲೋ ಬೇಡವೋ ಎಂದು ಅದರ ಬೆನ್ನು ಹಿಡಿದು ನಿಂತರು.

ಇಷ್ಟು ಸಾಕಾಗಿತ್ತು ಅಳತೆರಾಯನಿಗೆ. ಜೇಬಿನಿಂದ ಟೇಪು ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟ. ಅಂಗಡಿಯ ಚಿಕ್ಕ ಕತ್ತರಿ ತೆಗೆದುಕೊಂಡ. ಗಾಜಿನ ಬಾಗಿಲು ತೆರೆದ.

"ಏನ್ರೀ ಮಾಡ್ತಿದ್ದೀರಿ?" ಎಂದು ಅಧಿಕಾರಿ ಓಡಿ ಬಂದರು.

"ಪಟ ತೆಗೀತಿದ್ದೀನಿ ಸಾರ್. ತಪ್ಪಾಗಿದೆ."

"ತೆಗೀಬೇಡಿ! ಮೇಲಿನ ಅಧಿಕಾರಿಗಳು ನೋಡೋಕೆ ಬರ್ತಿದ್ದಾರೆ. ಫಲಕದಲ್ಲಿ ಮೂರು ಪಟ ಅಂತ ಕೆತ್ತಿಸಿ ಆಗಿದೆ. ಹಾಯಿ ಇದ್ರೆ ತಾನೇ ಅದು ಹಡಗು ಅನ್ನಿಸೋದು? ಬರೀ ಕೊಳವೆ ಇಟ್ರೆ ಒಲೆ ಅಂತಾರೆ ಜನ."

"ಅದೇ ಫಲಕದಲ್ಲಿ ಎಲ್ಲ ವಿವರಗಳೂ ನಿಜ ಅಂತಾನೂ ಇದೆ ಸಾರ್."

"ಇದೆ. ಯಾರು ಅಳೆದು ನೋಡ್ತಾರೆ?"

"ನಾನು" ಅಂದ ಅಳತೆರಾಯ.

ಮೇಷ್ಟ್ರು ನಡುವೆ ಬಂದರು. ಅವರ ಮುಖ ಇಳಿದುಹೋಗಿತ್ತು, ಆದರೂ ಭಾಷಣ ಇನ್ನೂ ಸ್ವಲ್ಪ ಉಳಿದಿತ್ತು. "ನೋಡಯ್ಯಾ, ಮುದುಕರ ನೆನಪು ಸಾಕ್ಷಿ ಆಗಲ್ಲ. ಪಟ ಇದ್ದಿದ್ದೂ ಇರಬಹುದು. ಅವರು ಅಡುಗೆಮನೆಯಲ್ಲೇ ಇದ್ದವರು. ಮೇಲೆ ತಲೆ ಎತ್ತಿ ನೋಡಿರಲಿಕ್ಕಿಲ್ಲ."

"ಅಲ್ಲ ಮೇಷ್ಟ್ರೆ, ಪಟ ಇತ್ತು. ಒಳಗಿತ್ತು. ನಾನು ತಂದು ಹೊರಗೆ ಕಟ್ಟಿಬಿಟ್ಟೆ." ಅಳತೆರಾಯನ ಕತ್ತರಿ ಆಗಲೇ ದಾರಕ್ಕೆ ಹತ್ತಿತ್ತು. "ಈಗ ಒಳಗೆ ಹಾಕಬೇಕು. ಮಧ್ಯದ್ದು ಸಾಸಿವೆ ಕಾಳಿನಷ್ಟು ಬರುತ್ತೆ. ಪಕ್ಕದವು ಗಸಗಸೆಯಷ್ಟು."

"ಗಸಗಸೆಯಷ್ಟಾ?" ಅಧಿಕಾರಿ ತಲೆ ಚಚ್ಚಿಕೊಂಡರು. "ಅದೂ ಅಡುಗೆಮನೆ ಒಳಗೆ? ಮೇಲೆ ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ ಅದು? ಕಾಣದಿರೋದನ್ನ ಪ್ರದರ್ಶನಕ್ಕೆ ಇಡ್ತಾರೇನ್ರೀ? ಹೇಳಿಬಿಡ್ತೀನಿ ಕೇಳಿ. ಪಟ ಇದ್ರೆ ಹಡಗು ಇಲ್ಲಿರುತ್ತೆ. ಇಲ್ದಿದ್ರೆ ಈ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಇಲ್ಲ."

ಅಳತೆರಾಯ ಮೂರು ಪಟಗಳನ್ನೂ ಕತ್ತರಿಸಿ ತೆಗೆದು ಕೈಚಾಚಿದ. ತೆಗೆದುಕೊಂಡವರು ಮಾವ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ದಿಂಬಿನ ಕವರಲ್ವೇನೋ?" ಅಂದರು.

"ನನ್ನದು" ಅಂದಳು ಮಗಳು. "ಕೊಡಿ ಇಲ್ಲಿ. ಚಹಾ ಕಲೆ ಹೋಗಲ್ಲ ಅದು."

"ಬಿಸಿನೀರು ಸುರಿದು ನೆನೆಹಾಕಿದ್ರೆ ಹೋಗುತ್ತೆ."

"ನನಗೆ ಒಗೆಯೋದು ಹೇಳಿಕೊಡಬೇಡಿ ನೀವು."

ಅಳತೆರಾಯ ಹಡಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಕಡೆ ನಡೆದ. ಜನ ದಾರಿ ಬಿಟ್ಟರು. ಜೀವಮಾನದಲ್ಲಿ ಎಲ್ಲವನ್ನೂ ಅಳೆದಿದ್ದ ಮನುಷ್ಯ ಆ ಬಾಗಿಲನ್ನು ಮಾತ್ರ ಅಳೆದಿರಲಿಲ್ಲ. ಹಡಗು ಅಡ್ಡಲಾಗಿ ಸಿಕ್ಕಿಕೊಂಡಿತು. ತಿರುಗಿಸುವಾಗ ಬೋಳು ಕಂಬಗಳು ಚೌಕಟ್ಟಿಗೆ ಬಡಿದು ಒಂದರ ಹಿಂದೆ ಒಂದು ಮುರಿದು ಬಿದ್ದವು. "ಬಿಡಿ, ಹೇಗೂ ಅವೂ ಸುಳ್ಳೇ" ಅಂದಳು ಹೆಂಡತಿ. ಹಡಗಿನ ಹಿಂಭಾಗಕ್ಕೆ ಅವಳೇ ಕೈ ಕೊಟ್ಟಳು. ತಾಯಿಯ ಸವತಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಮೂವರೂ ಬೀದಿಗೆ ಇಳಿದರು. ಹಡಗು ಹಿಡಿದ ಗಂಡ ಹೆಂಡತಿ ಮುಂದೆ, ಬಟ್ಟೆ ಮಡಚುತ್ತಾ ಮುದುಕ ಹಿಂದೆ. "ಅಕ್ಕನ ಪಟ ಯಾಕೆ ಸರಿಸಲಿಲ್ಲ, ಅವಳಿಗೇನು ಹೊಗೆ ತಾಗ್ತಿರಲಿಲ್ವಾ?" ಎಂದು ಅವಳು ಹಿಂದೆ ತಿರುಗಿ ಕೂಗಿ ಕೇಳುವುದು, "ಅವಳು ನಗ್ತಾ ಇದ್ಲು ಕಣೇ" ಎಂದು ಅವರು ಹೇಳುವುದು ಹಾಲಿನ ಒಳಗೂ ಕೇಳಿಸಿತು. ಆಮೇಲೆ ಜಗಳ ತಿರುವಿನಾಚೆ ಹೋಯಿತು.

"ಬರ್ತಾನೆ ಬಿಡಿ" ಎಂದು ಅಧಿಕಾರಿ ಸಭೆಗೆ ಸಮಾಧಾನ ಹೇಳಿದರು. "ಕೋಪ ಇಳಿದ ಮೇಲೆ ಹಡಗು ತಗೊಂಡು ತಾನಾಗಿ ವಾಪಸ್ ಬರ್ತಾನೆ. ಟೇಪು ಇಲ್ಲೇ ಬಿಟ್ಟು ಹೋಗಿದ್ದಾನೆ. ಅದಿಲ್ಲದೆ ಅವನು ಒಂದು ದಿನ ಬದುಕ್ತಾನಾ?"

ಟೇಪನ್ನು ಕಳೆದುಹೋಗದಿರಲಿ ಎಂದು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕಿದರು. ಈಗಲೂ ಅದು ಅಲ್ಲೇ ಇದೆ, 'ಎಲ್ಲ ವಿವರಗಳೂ ನಿಜ' ಎಂಬ ಫಲಕದ ಹಿಂದೆ. ಅವನು ಕೇಳಿಕೊಂಡು ಬರಲಿಲ್ಲ.